ಹೊರೆ ಹೊತ್ತ ಸಿಮೆಂಟ್ ವಸ್ತುಗಳ ಮೇಲೆ ತಾಪಮಾನದ ಏರಿಳಿತದ ಪರಿಣಾಮ

ಸಿಮೆಂಟಿಗೆ ನೀರು ಬೆರೆತು ಗಟ್ಟಿಯಾದಾಗ ಸಿಮೆಂಟ್ ಪೇಸ್ಟ್, ಅದಕ್ಕೆ ಮರಳು ಸೇರಿದಾಗ ಗಾರೆ, ಮರಳಿನ ಜೊತೆಗೆ ಜಲ್ಲಿಯೂ ಸೇರಿದಾಗ ಕಾಂಕ್ರೀಟ್ ಸಿದ್ಧವಾಗುತ್ತದೆ. ಈ ಮೂರೂ ವಸ್ತುಗಳು ಕಟ್ಟಡದಲ್ಲಿ ಸದಾ ಯಾವುದಾದರೊಂದು ಹೊರೆಯನ್ನು ಹೊತ್ತಿರುತ್ತವೆ. ಅದೇ ಸಮಯದಲ್ಲಿ ಹಗಲಿನ ಬಿಸಿಲು, ರಾತ್ರಿಯ ತಂಪು, ಋತುಗಳ ಬದಲಾವಣೆ, ಕುಲುಮೆಯ ಅಥವಾ ರಿಯಾಕ್ಟರಿನ ಶಾಖ, ಕೆಲವೊಮ್ಮೆ ಬೆಂಕಿ ಅನಾಹುತ, ಹೀಗೆ ನಾನಾ ಕಾರಣಗಳಿಂದ ಅವುಗಳ ತಾಪಮಾನವೂ ಬದಲಾಗುತ್ತಿರುತ್ತದೆ. ಹೊರೆಯಿಂದ ಎಷ್ಟು ಕುಗ್ಗುತ್ತದೆ ಎಂಬುದನ್ನೂ ಕಾವಿನಿಂದ ಎಷ್ಟು ಹಿಗ್ಗುತ್ತದೆ ಎಂಬುದನ್ನೂ ಬೇರೆ ಬೇರೆಯಾಗಿ ಅಳೆದು ಕೂಡಿದರೆ ಒಟ್ಟು ಪರಿಣಾಮ ದೊರೆಯುತ್ತದೆ ಎಂಬ ಎಣಿಕೆ ಉಕ್ಕಿನ ಮಟ್ಟಿಗೆ, ಸಾಧಾರಣ ತಾಪಮಾನದಲ್ಲಿ, ಬಹುಪಾಲು ಸರಿಯಾಗಿದೆ. ಸಿಮೆಂಟ್ ವಸ್ತುಗಳಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಹೊರೆ ಹೊತ್ತಿರುವಾಗಲೇ ಮೊದಲ ಬಾರಿಗೆ ಕಾಯಿಸಿದ ಕಾಂಕ್ರೀಟು, ಎರಡೂ ಪರಿಣಾಮಗಳ ಮೊತ್ತಕ್ಕಿಂತ ಗಮನಾರ್ಹವಾಗಿ ಹೆಚ್ಚು ಕುಗ್ಗುತ್ತದೆ. ಆ ಹೆಚ್ಚುವರಿ ಕುಗ್ಗುವಿಕೆ ತಣಿದ ಮೇಲೆ ಮರಳಿ ಬರುವುದೂ ಇಲ್ಲ. ಅಣೆಕಟ್ಟು, ಸೇತುವೆ, ಚಿಮಣಿ, ಸುರಂಗ, ಅಣುಸ್ಥಾವರಗಳ ವಿನ್ಯಾಸದಲ್ಲಿ ಈ ಗುಣಕ್ಕೆ ದೊಡ್ಡ ಪಾತ್ರವಿದೆ.

ಈ ಲೇಖನದಲ್ಲಿ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ವಸ್ತುವಿನ ಒಂದು ಏಕಮಾನ ವಿಸ್ತೀರ್ಣದ ಮೇಲೆ ಹಂಚಿಹೋದ ಬಲಕ್ಕೆ ಪ್ರತಿಬಲ ಎಂದು ಹೆಸರು, ಅದನ್ನು ಮೆಗಾಪಾಸ್ಕಲ್‌ಗಳಲ್ಲಿ ಅಳೆಯುತ್ತಾರೆ. ಮೂಲ ಉದ್ದಕ್ಕೆ ಹೋಲಿಸಿದಾಗ ಉದ್ದದಲ್ಲಿ ಆದ ಬದಲಾವಣೆಯ ಪ್ರಮಾಣಕ್ಕೆ ವಿಕೃತಿ ಎಂದು ಹೆಸರು. ಅದು ಬರಿಯ ಅನುಪಾತವಾದ್ದರಿಂದ ಅದಕ್ಕೆ ಮಾನವಿಲ್ಲ.

ಹಿಗ್ಗುವಿಕೆ ಮತ್ತು ಅದಕ್ಕೆ ಒದಗುವ ತಡೆ

ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ವಸ್ತುವಿನಲ್ಲಿ ಉಂಟಾಗುವ ವಿಕೃತಿಯೇ ಅದರ ಉಷ್ಣ ವಿಕಾಸ ಗುಣಾಂಕ. ಕಾಂಕ್ರೀಟಿಗೆ ಇದು ಸುಮಾರು 10 ದಶಲಕ್ಷಾಂಶ, ಅಂದರೆ ಹತ್ತು ಮೀಟರ್ ಉದ್ದದ ತಾರಸಿ ಒಂದು ಡಿಗ್ರಿಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಕಾಂಕ್ರೀಟಿನ ಗಾತ್ರದಲ್ಲಿ ಜಲ್ಲಿ ಮತ್ತು ಮರಳಿನದೇ ದೊಡ್ಡ ಪಾಲಾದ್ದರಿಂದ ಈ ಗುಣಾಂಕವನ್ನು ಮುಖ್ಯವಾಗಿ ಕಲ್ಲಿನ ಜಾತಿಯೇ ನಿರ್ಧರಿಸುತ್ತದೆ. ಭಾರತೀಯ ಮಾನಕ ಐಎಸ್ 456:2000 ಕೊಡುವ ಪ್ರಕಾರ ಕ್ವಾರ್ಟ್ಜೈಟ್ ಜಲ್ಲಿಯ ಕಾಂಕ್ರೀಟಿಗೆ ಇದು 12ರಿಂದ 13 ದಶಲಕ್ಷಾಂಶ, ಗ್ರಾನೈಟಿಗೆ 7ರಿಂದ 9.5, ಬಸಾಲ್ಟಿಗೆ 8ರಿಂದ 9.5, ಸುಣ್ಣಕಲ್ಲಿಗೆ 6ರಿಂದ 9. ದಕ್ಷಿಣ ಕರ್ನಾಟಕದ ಬಹುಪಾಲು ಕಾಂಕ್ರೀಟಿಗೆ ಗ್ರಾನೈಟ್ ಮತ್ತು ಅದನ್ನು ಹೋಲುವ ನೈಸ್ ಶಿಲೆಗಳ ಜಲ್ಲಿ ಬಳಕೆಯಾಗುತ್ತದೆ. ಉತ್ತರದ ದಖ್ಖನ್ ಪ್ರದೇಶದಲ್ಲಿ ಕಪ್ಪು ಬಸಾಲ್ಟ್ ಸಿಗುತ್ತದೆ. ಆದ್ದರಿಂದ ಒಂದೇ ದರ್ಜೆಯ ಕಾಂಕ್ರೀಟು ಎಲ್ಲೆಡೆ ಒಂದೇ ರೀತಿ ಹಿಗ್ಗುತ್ತದೆ ಎಂದು ಭಾವಿಸುವಂತಿಲ್ಲ.

ಪೇಸ್ಟಿನ ನಡವಳಿಕೆ ಇದಕ್ಕಿಂತ ಸಂಕೀರ್ಣವಾದುದು. ಅದರ ಗುಣಾಂಕ 11ರಿಂದ 20 ದಶಲಕ್ಷಾಂಶದವರೆಗೆ ಬದಲಾಗುತ್ತದೆ, ಮತ್ತು ಈ ವ್ಯತ್ಯಾಸಕ್ಕೆ ಪೇಸ್ಟಿನೊಳಗಿನ ತೇವವೇ ಮುಖ್ಯ ಕಾರಣ. ಪೂರ್ತಿ ಒಣಗಿದ ಪೇಸ್ಟೂ ಪೂರ್ತಿ ನೆನೆದ ಪೇಸ್ಟೂ ಕಡಿಮೆ ಹಿಗ್ಗುತ್ತವೆ. ಸುಮಾರು 70 ಶೇಕಡ ಸಾಪೇಕ್ಷ ಆರ್ದ್ರತೆಯಲ್ಲಿರುವ ಪೇಸ್ಟು ಅವೆರಡಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತದೆ. ಗಟ್ಟಿಗೊಂಡ ಸಿಮೆಂಟಿನ ಮುಖ್ಯ ಅಂಶ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಜೆಲ್. ಇದು ಅತಿ ತೆಳುವಾದ ಪದರಗಳ ರಾಶಿ. ಪದರಗಳ ನಡುವೆ ಕೆಲವೇ ಅಣುಗಳಷ್ಟು ದಪ್ಪದ ನೀರಿನ ಪೊರೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಅದರಾಚೆಗೆ ಕೇಶನಾಳಗಳಂಥ ಸ್ವಲ್ಪ ದೊಡ್ಡ ರಂಧ್ರಗಳಿರುತ್ತವೆ. ಕಾವು ಏರಿದಾಗ ಈ ಎರಡು ಬಗೆಯ ನೀರಿನ ನಡುವಿನ ಸಮತೋಲ ಕದಲಿ ಜೆಲ್‌ಗೂ ರಂಧ್ರಗಳಿಗೂ ನಡುವೆ ನೀರು ಚಲಿಸುತ್ತದೆ, ಆ ಚಲನೆಯಿಂದಲೂ ಪೇಸ್ಟಿನ ಗಾತ್ರ ಬದಲಾಗುತ್ತದೆ. ಮುಂದೆ ಕಾಣುವಂತೆ, ಹೊರೆ ಮತ್ತು ಕಾವು ಒಟ್ಟಿಗೆ ಬಂದಾಗ ನಡೆಯುವ ವಿಶೇಷ ವಿದ್ಯಮಾನಗಳಲ್ಲಿ ಹಲವು ಈ ನೀರಿನ ಪೊರೆಯನ್ನೇ ಆಶ್ರಯಿಸಿವೆ.

ಹಿಗ್ಗಲು ಅವಕಾಶವಿದ್ದರೆ ಹಿಗ್ಗುವಿಕೆಯಿಂದ ಯಾವ ಅಪಾಯವೂ ಇಲ್ಲ. ತಡೆ ಒದಗಿದಾಗ ಪ್ರತಿಬಲ ಹುಟ್ಟುತ್ತದೆ. ಎಂ25 ದರ್ಜೆಯ ಕಾಂಕ್ರೀಟಿನ ಸ್ಥಿತಿಸ್ಥಾಪಕತ್ವ ಗುಣಾಂಕ ಐಎಸ್ 456ರ ಸೂತ್ರದಂತೆ 25,000 ಮೆಗಾಪಾಸ್ಕಲ್. ಎರಡೂ ತುದಿಗಳನ್ನು ಪೂರ್ತಿ ಬಿಗಿದಿಟ್ಟ ಇಂಥ ಒಂದು ತೊಲೆ 20 ಡಿಗ್ರಿ ತಣಿದರೆ ಅದರಲ್ಲಿ 5 ಮೆಗಾಪಾಸ್ಕಲ್‌ನಷ್ಟು ಎಳೆತದ ಪ್ರತಿಬಲ ಹುಟ್ಟಬೇಕು. ಆದರೆ ಅದೇ ಕಾಂಕ್ರೀಟು ಬಾಗುವಾಗ ತಾಳಬಲ್ಲ ಎಳೆತ ಅದೇ ಮಾನಕದ ಪ್ರಕಾರ 3.5 ಮೆಗಾಪಾಸ್ಕಲ್ ಮಾತ್ರ. ಹೊರಗಿನ ಹೊರೆ ಏನೂ ಇಲ್ಲದಿದ್ದರೂ ಅದು ಬಿರುಕು ಬಿಡುತ್ತದೆ ಎಂದೇ ಈ ಲೆಕ್ಕದ ಅರ್ಥ. 45 ಮೀಟರಿಗಿಂತ ಉದ್ದದ ಕಟ್ಟಡಗಳಲ್ಲಿ ಹಿಗ್ಗುಸಂದುಗಳನ್ನು, ಅಂದರೆ ಕಟ್ಟಡದ ಎರಡು ಭಾಗಗಳು ಸ್ವತಂತ್ರವಾಗಿ ಸರಿದಾಡಲು ಬಿಟ್ಟ ಸೀಳುಗಳನ್ನು ಇಡುವುದು ವಾಡಿಕೆ ಎಂದು ಮಾನಕ ಹೇಳುವುದು ಇದೇ ಕಾರಣಕ್ಕೆ.

ಮನೆಗಳಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಒಂದು ಬಿರುಕಿನ ಮೂಲವೂ ಇಲ್ಲಿಯೇ ಇದೆ. ಮೇಲಿನ ಮಹಡಿಯಲ್ಲಿ ತಾರಸಿ ಗೋಡೆಯ ಮೇಲೆ ಕೂರುವ ಜಾಗದಲ್ಲಿ, ಗೋಡೆಯ ಉದ್ದಕ್ಕೂ ಅಡ್ಡಡ್ಡವಾಗಿ ಓಡುವ ಗೆರೆಯಂಥ ಬಿರುಕು ಅದು. ಇಟ್ಟಿಗೆ ಗೋಡೆಯ ವಿಕಾಸ ಗುಣಾಂಕ ಕಾಂಕ್ರೀಟಿನದರ ಹೆಚ್ಚುಕಡಿಮೆ ಅರ್ಧದಷ್ಟಿರುತ್ತದೆ. ಅಲ್ಲದೆ ತಾರಸಿಗೆ ಬೀಳುವಷ್ಟು ಬಿಸಿಲು ಗೋಡೆಗೆ ಬೀಳುವುದಿಲ್ಲ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ನೆರಳಿನ ಗಾಳಿಯೇ 40 ಡಿಗ್ರಿ ದಾಟುವಾಗ ತೆರೆದ ತಾರಸಿ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ರಾತ್ರಿಗೂ ಹಗಲಿಗೂ 30 ಡಿಗ್ರಿ ವ್ಯತ್ಯಾಸ ಬಿದ್ದರೆ ಹತ್ತು ಮೀಟರ್ ತಾರಸಿ 3 ಮಿಲಿಮೀಟರ್ ಹಿಂದೆಮುಂದೆ ಸರಿಯುತ್ತದೆ, ಕೆಳಗಿನ ಗೋಡೆ ಅದರ ಜೊತೆ ಸರಿಯಲಾರದೆ ಬಿರಿಯುತ್ತದೆ. ಭಾರತೀಯ ಮಾನಕ ಸಂಸ್ಥೆ 1984ರಲ್ಲಿ ಹೊರತಂದ, ಕಟ್ಟಡಗಳ ಬಿರುಕುಗಳ ಕಾರಣ ಮತ್ತು ತಡೆಗಟ್ಟುವಿಕೆಯನ್ನು ಕುರಿತ ಎಸ್‌ಪಿ 25 ಕೈಪಿಡಿ ಈ ಬಿರುಕನ್ನು ವಿವರವಾಗಿ ಚರ್ಚಿಸುತ್ತದೆ. ತಾರಸಿಯ ಮೇಲೆ ಶಾಖ ತಡೆಯುವ ಪದರ ಹಾಕುವುದು, ಬಿಸಿಲನ್ನು ಮರಳಿಸುವ ಬಿಳಿ ಲೇಪ ಕೊಡುವುದು, ತಾರಸಿಗೂ ಗೋಡೆಗೂ ನಡುವೆ ಜಾರುವ ಸಂದು ಇರಿಸುವುದು ಇದಕ್ಕೆ ಪರಿಹಾರಗಳು. ಬಿರುಕು ಬಿದ್ದ ಮೇಲೆ ಗಾರೆ ಮೆತ್ತಿದರೆ ಪ್ರಯೋಜನವಿಲ್ಲ, ಏಕೆಂದರೆ ಮುಂದಿನ ಬೇಸಿಗೆಯಲ್ಲಿ ತಾರಸಿ ಮತ್ತೆ ಅಷ್ಟೇ ಸರಿಯುತ್ತದೆ.

ನಿಂತ ಹೊರೆ, ನಿಂತ ಕಾವು

ಹೊರೆಯನ್ನು ಹೆಚ್ಚಿಸದೆ ಹಾಗೆಯೇ ಬಿಟ್ಟರೂ ಕಾಂಕ್ರೀಟು ದಿನಗಳೆದಂತೆ, ವರ್ಷಗಳೆದಂತೆ ಸ್ವಲ್ಪಸ್ವಲ್ಪವಾಗಿ ಕುಗ್ಗುತ್ತಲೇ ಹೋಗುತ್ತದೆ. ಈ ನಿಧಾನದ ವಿಕೃತಿಗೆ ಕ್ರೀಪ್ ಎಂದು ಹೆಸರು. ಹೊರೆ ಬಿದ್ದ ಕ್ಷಣದಲ್ಲಿ ಆದ ವಿಕೃತಿಯ ಎಷ್ಟು ಪಟ್ಟು ಕ್ರೀಪ್ ಆಗುತ್ತದೆ ಎಂಬುದನ್ನು ಕ್ರೀಪ್ ಗುಣಾಂಕ ತಿಳಿಸುತ್ತದೆ. ಐಎಸ್ 456ರ ಪ್ರಕಾರ 7 ದಿನದ ಕಾಂಕ್ರೀಟಿನ ಮೇಲೆ ಹೊರೆ ಇಟ್ಟರೆ ಅದು 2.2, 28 ದಿನಕ್ಕೆ 1.6, ಒಂದು ವರ್ಷಕ್ಕೆ 1.1. ಕ್ರೀಪ್ ಎಂದರೆ ದೋಷ ಎಂದೇ ಹಲವರು ಭಾವಿಸುತ್ತಾರೆ. ತೊಲೆಗಳು ಜಗ್ಗುವುದಕ್ಕೂ, ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನಲ್ಲಿ ಎಳೆದು ಬಿಗಿದ ತಂತಿಗಳ ಬಿಗಿ ಸಡಿಲವಾಗುವುದಕ್ಕೂ ಅದು ಕಾರಣವೆಂಬುದು ನಿಜ. ಆದರೆ ಉಷ್ಣ ಪ್ರತಿಬಲಗಳಿಂದ ಕಾಂಕ್ರೀಟನ್ನು ಕಾಪಾಡುವುದೂ ಅದೇ ಕ್ರೀಪ್. ಮೇಲೆ ಹೇಳಿದ ತೊಲೆಯಲ್ಲಿ 20 ಡಿಗ್ರಿ ಇಳಿಕೆ ಒಂದೇ ರಾತ್ರಿಯಲ್ಲಿ ಆಗದೆ ತಿಂಗಳುಗಟ್ಟಲೆ ಹರಡಿಕೊಂಡರೆ, 1.6ರ ಕ್ರೀಪ್ ಗುಣಾಂಕವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, 5 ಮೆಗಾಪಾಸ್ಕಲ್ ಎಳೆತ 2 ಮೆಗಾಪಾಸ್ಕಲ್‌ಗಿಂತ ಕೆಳಗಿಳಿಯುತ್ತದೆ. ಋತುಗಳ ನಿಧಾನಗತಿಯ ಬದಲಾವಣೆಯನ್ನು ತಾಳಿಕೊಳ್ಳುವ ಕಾಂಕ್ರೀಟು ಒಂದು ಬಿರುಮಳೆಯ ದಿಢೀರ್ ತಂಪಿಗೆ ಬಿರಿಯುವುದಕ್ಕೆ ಇದು ಒಂದು ಮುಖ್ಯ ಕಾರಣ.

ಕಾವು ಹೆಚ್ಚಿದಂತೆ ಕ್ರೀಪ್ ಕೂಡ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಎಂಬ ಪ್ರಶ್ನೆ ಕೇವಲ ಕುತೂಹಲದ್ದಾಗಿರದೆ ತುರ್ತಿನದಾದದ್ದು 1950 ಮತ್ತು 1960ರ ದಶಕಗಳಲ್ಲಿ, ಫ್ರಾನ್ಸ್ ಮತ್ತು ಬ್ರಿಟನ್‌ಗಳು ಅನಿಲದಿಂದ ತಂಪಾಗಿಸುವ ಅಣು ರಿಯಾಕ್ಟರುಗಳಿಗೆ ಉಕ್ಕಿನ ಬದಲು ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನ ಒತ್ತಡ ಪಾತ್ರೆಗಳನ್ನು ಕಟ್ಟಲು ತೊಡಗಿದಾಗ. ಫ್ರಾನ್ಸಿನ ಮಾರ್ಕೂಲ್, ಇಂಗ್ಲೆಂಡಿನ ಓಲ್ಡ್‌ಬರಿ, ವೇಲ್ಸಿನ ವಿಲ್ಫಾ ಸ್ಥಾವರಗಳಲ್ಲಿ ಇಂಥ ಪಾತ್ರೆಗಳಿದ್ದವು. ಹಲವು ಮೀಟರ್ ದಪ್ಪದ ಈ ಗೋಡೆಗಳ ಒಳಮುಖ ದಶಕಗಳ ಕಾಲ ಬೆಚ್ಚಗೂ ಹೊರಮುಖ ತಣ್ಣಗೂ ಇರುತ್ತವೆ, ಇಡೀ ಗೋಡೆ ತಂತಿಗಳ ಬಿಗಿತದಿಂದ ಒತ್ತಡದಲ್ಲಿರುತ್ತದೆ. ಒಳಭಾಗ ಹೆಚ್ಚು ಕ್ರೀಪ್ ಆದಂತೆ ಅದು ಹೊತ್ತಿದ್ದ ಹೊರೆ ನಿಧಾನವಾಗಿ ತಂಪಾದ ಹೊರಭಾಗಕ್ಕೆ ವರ್ಗವಾಗುತ್ತದೆ. ರಿಯಾಕ್ಟರನ್ನು ನಿಲ್ಲಿಸಿ ತಣಿಸಿದಾಗ ಒಳಮುಖದಲ್ಲಿ ಎಳೆತ ಹುಟ್ಟಿ ಬಿರುಕಿನ ಭಯ ತಲೆದೋರುತ್ತದೆ. ಸಂಶೋಧಕರಾದ ಎ. ಡಿ. ರಾಸ್ ಮತ್ತು ಜಾರ್ಜ್ ಇಂಗ್ಲೆಂಡ್ ಈ ಪುನರ್ಹಂಚಿಕೆಯ ಲೆಕ್ಕಕ್ಕೆ ದಾರಿ ಮಾಡಿಕೊಟ್ಟರು. ನಾಸರ್ ಮತ್ತು ನೆವಿಲ್ 1965ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಸುಮಾರು 70 ಡಿಗ್ರಿಯವರೆಗೆ ಕ್ರೀಪಿನ ವೇಗ ಏರುತ್ತ ಹೋಗಿ ಸಾಧಾರಣ ತಾಪಮಾನದಲ್ಲಿರುವುದರ ಮೂರು ಪಟ್ಟನ್ನೂ ಮೀರುತ್ತದೆಂದು ತೋರಿಸಿದವು. ಜೆಲ್‌ನ ಪದರಗಳ ನಡುವಣ ನೀರು ಕಾವಿನಲ್ಲಿ ಹೆಚ್ಚು ಸುಲಭವಾಗಿ ಚಲಿಸುವುದು, ಪದರಗಳನ್ನು ಹಿಡಿದಿಟ್ಟ ಬಂಧಗಳು ಹೆಚ್ಚು ಸಲ ಕಳಚಿ ಹೊಸ ಜಾಗದಲ್ಲಿ ಕೂಡಿಕೊಳ್ಳುವುದು ಇದಕ್ಕೆ ಕಾರಣವೆಂದು ಹೇಳಲಾಗುತ್ತದೆ.

ಬದಲಾವಣೆಯೇ ಕಾರಣವಾದಾಗ

ಇಲ್ಲಿಯವರೆಗಿನ ವಿವರಣೆಯಲ್ಲಿ ಕಾವು ಹೆಚ್ಚಾಗಿದ್ದರೂ ಒಂದೇ ಮಟ್ಟದಲ್ಲಿ ನಿಂತಿತ್ತು. 1966ರಲ್ಲಿ ಟಾರ್ಬೆನ್ ಹ್ಯಾನ್ಸನ್ ಮತ್ತು ಲೀಫ್ ಎರಿಕ್ಸನ್ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ, ಹೊರೆ ಹೊತ್ತ ಪೇಸ್ಟ್, ಗಾರೆ ಮತ್ತು ಕಾಂಕ್ರೀಟುಗಳಲ್ಲಿ ತಾಪಮಾನ ಬದಲಾಗುವ ಕ್ರಿಯೆಯೇ ಪ್ರತ್ಯೇಕವಾದ ವಿಕೃತಿಯನ್ನು ಹುಟ್ಟಿಸುತ್ತದೆ ಎಂಬುದರತ್ತ ಗಮನ ಸೆಳೆಯಿತು. ಮೊದಲೇ ಕಾಯಿಸಿ ಆ ಬಳಿಕ ಹೊರೆ ಇಟ್ಟ ಮಾದರಿಗೂ, ಹೊರೆ ಇಟ್ಟು ಆ ಬಳಿಕ ಅದೇ ತಾಪಮಾನಕ್ಕೆ ಕಾಯಿಸಿದ ಮಾದರಿಗೂ ಕೊನೆಯಲ್ಲಿ ಹೊರೆಯೂ ಒಂದೇ, ಕಾವೂ ಒಂದೇ. ಆದರೂ ಎರಡನೆಯದು ಹೆಚ್ಚು ವಿಕೃತಿ ಹೊಂದುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಚರಿತ್ರೆಯನ್ನು ವಸ್ತು ತನ್ನೊಳಗೆ ಇಟ್ಟುಕೊಂಡಿರುತ್ತದೆ.

ಇಲ್‌ಸ್ಟನ್ ಮತ್ತು ಸ್ಯಾಂಡರ್ಸ್ 1973ರಲ್ಲಿ ಇದೇ ವಿದ್ಯಮಾನವನ್ನು ಬಹಳ ಚೊಕ್ಕವಾದ ವಿಧಾನದಿಂದ ಪರೀಕ್ಷಿಸಿದರು. ಅವರು ಗಾರೆಯ ಮಾದರಿಗಳನ್ನು ಒತ್ತುವ ಬದಲು ತಿರುಚಿದರು. ಕಾವಿನಿಂದ ವಸ್ತು ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗುತ್ತದೆಯೇ ಹೊರತು ತಾನಾಗಿ ತಿರುಚಿಕೊಳ್ಳುವುದಿಲ್ಲ; ಒಣಗುವುದರಿಂದಾಗುವ ಕುಗ್ಗುವಿಕೆಯೂ ಹಾಗೆಯೇ. ಆದ್ದರಿಂದ ಮಾದರಿಯಲ್ಲಿ ಕಂಡ ಹೆಚ್ಚುವರಿ ತಿರುಚುವಿಕೆಯಷ್ಟೂ ಹೊರೆ ಮತ್ತು ಕಾವಿನ ಕೂಡುವಿಕೆಯಿಂದಲೇ ಬಂದದ್ದೆಂದು ಸಂಶಯವಿಲ್ಲದೆ ಹೇಳಲು ಸಾಧ್ಯವಾಯಿತು. ತಾಪಮಾನ ಏರಿದೊಡನೆ ಈ ವಿಕೃತಿ ತ್ವರಿತವಾಗಿ ಕಾಣಿಸಿಕೊಂಡು ಅಷ್ಟೇ ಬೇಗ ನಿಂತುಹೋಗುತ್ತದೆ. ತಣಿಸಿದರೆ ಮರಳುವುದಿಲ್ಲ. ಮತ್ತೆ ಅದೇ ತಾಪಮಾನಕ್ಕೆ ಕಾಯಿಸಿದರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಹಿಂದೆ ಮುಟ್ಟಿದ ಗರಿಷ್ಠ ತಾಪಮಾನವನ್ನು ದಾಟಿದ ಮೇಲೆ ಮಾತ್ರ ಅದು ಮತ್ತೆ ಶುರುವಾಗುತ್ತದೆ. ಅವರು ಇದನ್ನು ಸಂಕ್ರಮಣ ಉಷ್ಣ ಕ್ರೀಪ್ ಎಂಬರ್ಥದ ಹೆಸರಿನಿಂದ ಕರೆದರು. ಇಂದು ಹೊರೆಪ್ರೇರಿತ ಉಷ್ಣ ವಿಕೃತಿ ಎಂಬ ಹೆಚ್ಚು ವಿಶಾಲವಾದ ಪದವೂ ಬಳಕೆಯಲ್ಲಿದೆ: ಹೊರೆ ಇಲ್ಲದೆ ಕಾಯಿಸಿದಾಗ ಆಗುವ ಹಿಗ್ಗುವಿಕೆಯಿಂದ, ಹೊರೆಯೊಂದಿಗೆ ಕಾಯಿಸಿದಾಗ ಆಗುವ ಬದಲಾವಣೆಯನ್ನು ಕಳೆದು, ಆರಂಭದ ಸ್ಥಿತಿಸ್ಥಾಪಕ ವಿಕೃತಿಯನ್ನು ಬದಿಗಿಟ್ಟರೆ ಉಳಿಯುವುದೇ ಅದು.

ತೇವದ ವಿಷಯದಲ್ಲಿ ಇಂಥದೇ ಒಂದು ಸಂಗತಿ ಅದಕ್ಕೂ ಹಿಂದೆಯೇ ತಿಳಿದಿತ್ತು. ಹೊರೆ ಹೊತ್ತಿರುವಾಗಲೇ ಒಣಗುವ ಕಾಂಕ್ರೀಟು, ಒಣಗುವಿಕೆಯ ಕುಗ್ಗುವಿಕೆ ಮತ್ತು ಕ್ರೀಪ್‌ಗಳ ಮೊತ್ತಕ್ಕಿಂತ ಹೆಚ್ಚು ಕುಗ್ಗುತ್ತದೆಂದು ಜೆರಾಲ್ಡ್ ಪಿಕೆಟ್ 1942ರಲ್ಲಿ ತೋರಿಸಿದ್ದರು. ಎರಡೂ ಕಡೆ ಪೇಸ್ಟಿನೊಳಗಿನ ನೀರಿನ ಸಮತೋಲ ಕದಲುತ್ತದೆ ಎಂಬ ಸಾಮ್ಯವನ್ನು ಆಧಾರವಾಗಿಟ್ಟುಕೊಂಡು ಝಡೆನೆಕ್ ಬಜಾಂಟ್ ಮತ್ತು ಅವರ ಸಹೋದ್ಯೋಗಿಗಳು 1997ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಜೆಲ್‌ನ ಅತಿ ಕಿರಿದಾದ ಸಂದುಗಳಲ್ಲಿ ಸಿಕ್ಕಿಬಿದ್ದ ನೀರಿಗೂ ಅದರ ಆಚೀಚಿನ ಘನ ಪದರಗಳಿಗೂ ನಡುವೆ ಸದಾ ಒಂದು ಸೆಣಸಾಟವಿದ್ದು, ಪದರಗಳ ನಡುವಿನ ಬಂಧಗಳು ಹೊರಗಿನ ಹೊರೆ ಬೀಳುವ ಮೊದಲೇ ಬಿಗಿತದಲ್ಲಿರುತ್ತವೆ. ತಾಪಮಾನ ಅಥವಾ ತೇವ ಬದಲಾದಾಗ ಈ ಒಳಬಿಗಿತ ಬದಲಾಗಿ, ಬಿಗಿದ ಬಂಧಗಳು ಕಳಚುತ್ತವೆ, ಹೊರಗಿನ ಹೊರೆ ಇದ್ದ ದಿಕ್ಕಿಗೆ ಪದರಗಳು ಜಾರಿ ಹೊಸ ನೆಲೆಯಲ್ಲಿ ಕೂರುತ್ತವೆ. ಹೊರೆ ಇಲ್ಲದಿದ್ದರೂ ಬಂಧಗಳು ಕಳಚುತ್ತವೆ, ಆದರೆ ಜಾರಲು ದಿಕ್ಕಿಲ್ಲವಾದ್ದರಿಂದ ಹೊರಗೆ ಏನೂ ಕಾಣುವುದಿಲ್ಲ. ಸುಮಾರು 100 ಡಿಗ್ರಿಯೊಳಗಿನ ವಿದ್ಯಮಾನಕ್ಕೆ ಈ ವಿವರಣೆ ಒಪ್ಪುತ್ತದೆ. ಅದಕ್ಕಿಂತ ಮೇಲಿನ ತಾಪಮಾನಗಳಲ್ಲಿ ಜೆಲ್ ತನ್ನ ರಾಸಾಯನಿಕ ನೀರನ್ನೇ ಕಳೆದುಕೊಳ್ಳತೊಡಗುವುದರಿಂದ ನಿರ್ಜಲೀಕರಣವೇ ಮುಖ್ಯ ಕಾರಣವಾಗುತ್ತದೆ.

ಬೆಂಕಿಯ ಕಾವು

ಬೆಂಕಿಯ ಪರೀಕ್ಷೆಗಳಲ್ಲಿ ಬಳಸುವ ಐಎಸ್‌ಒ 834 ಮಾನಕ ರೇಖೆಯ ಪ್ರಕಾರ ಕುಲುಮೆಯ ತಾಪಮಾನ ಅರ್ಧ ಗಂಟೆಯಲ್ಲಿ 842 ಡಿಗ್ರಿಗೂ ಒಂದು ಗಂಟೆಯಲ್ಲಿ 945 ಡಿಗ್ರಿಗೂ ಏರುತ್ತದೆ. ಕಾಂಕ್ರೀಟಿನ ಒಳಗೆ ಕಾವು ನಿಧಾನವಾಗಿ ಇಳಿಯುವುದರಿಂದ ಅದರ ಪ್ರತಿಯೊಂದು ಪದರವೂ ಬೇರೆ ಬೇರೆ ಹಂತದಲ್ಲಿರುತ್ತದೆ. ಸುಮಾರು 100 ಡಿಗ್ರಿ ದಾಟಿದಾಗ ರಂಧ್ರಗಳ ನೀರು ಆವಿಯಾಗುತ್ತದೆ, ಜೆಲ್ ನೀರು ಬಿಡಲು ತೊಡಗುತ್ತದೆ. 300 ಡಿಗ್ರಿಯ ಸುಮಾರಿಗೆ ಜಲ್ಲಿಯಲ್ಲಿ ಕಬ್ಬಿಣದ ಅಂಶವಿದ್ದರೆ ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೆಂಕಿ ಆರಿದ ಮೇಲೆ ಕಟ್ಟಡವನ್ನು ಪರಿಶೀಲಿಸುವ ಎಂಜಿನಿಯರಿಗೆ ಈ ಬಣ್ಣ ಎಷ್ಟು ಆಳದವರೆಗೆ ಹೋಗಿದೆ ಎಂಬುದು ಬೆಲೆಯುಳ್ಳ ಸುಳಿವು. 400ರಿಂದ 500 ಡಿಗ್ರಿಗಳ ನಡುವೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಒಡೆದು ಸುಟ್ಟ ಸುಣ್ಣವಾಗುತ್ತದೆ, ತಣಿದ ಮೇಲೆ ಗಾಳಿಯ ತೇವ ಹೀರಿ ಅರಳುವಾಗ ಈ ಸುಣ್ಣ ಹೊಸ ಬಿರುಕುಗಳನ್ನು ತೆರೆಯುತ್ತದೆ. 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ಹರಳಿನ ರಚನೆ ಬದಲಾಗಿ ಥಟ್ಟನೆ ಹಿಗ್ಗುತ್ತದೆ. ಇನ್ನೂ ಮೇಲೆ ಸುಣ್ಣಕಲ್ಲಿನ ಜಲ್ಲಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಯೂರೋಪಿನ ಮಾನಕವಾದ ಯೂರೋಕೋಡ್ 2, ಸಿಲಿಕಾಯುಕ್ತ ಜಲ್ಲಿಯ ಕಾಂಕ್ರೀಟಿನ ಬಲ 400 ಡಿಗ್ರಿಯಲ್ಲಿ ಮೂಲದ 75 ಶೇಕಡಕ್ಕೂ, 600ರಲ್ಲಿ 45ಕ್ಕೂ, 800ರಲ್ಲಿ 15ಕ್ಕೂ ಇಳಿಯುತ್ತದೆಂದು ಪರಿಗಣಿಸುತ್ತದೆ. ಸುಣ್ಣಕಲ್ಲಿನ ಜಲ್ಲಿಯಿದ್ದರೆ ಆ ಅಂಕಿಗಳು ಕ್ರಮವಾಗಿ 85, 60 ಮತ್ತು 27.

ಪೇಸ್ಟು ನೀರು ಕಳೆದುಕೊಂಡು ಕುಗ್ಗುವಾಗಲೇ ಜಲ್ಲಿ ಹಿಗ್ಗುತ್ತಿರುತ್ತದೆ. ಇಷ್ಟೊಂದು ವಿರೋಧವಿದ್ದರೂ ಕಾಂಕ್ರೀಟು 200 ಅಥವಾ 300 ಡಿಗ್ರಿಯಲ್ಲೇ ಪುಡಿಪುಡಿಯಾಗದೆ ಉಳಿಯುವುದು ಹೇಗೆ ಎಂಬುದು ಬಹುಕಾಲ ಸಂಶೋಧಕರನ್ನು ಕಾಡಿದ ಪ್ರಶ್ನೆ. ಹೊರೆಪ್ರೇರಿತ ಉಷ್ಣ ವಿಕೃತಿಯಲ್ಲಿ ಅದಕ್ಕೆ ಉತ್ತರದ ದೊಡ್ಡ ಪಾಲು ಸಿಕ್ಕಿತು: ಜಲ್ಲಿಯ ಸುತ್ತ ಪ್ರತಿಬಲ ಹುಟ್ಟಿದಲ್ಲೆಲ್ಲ ಪೇಸ್ಟು ಮೊದಲ ಕಾವಿನಲ್ಲಿ ಸಡಿಲಗೊಂಡು ಮಣಿಯುತ್ತದೆ. ಸ್ವೀಡನ್ನಿನ ಲುಂಡ್‌ನಲ್ಲಿ ಆಂಡರ್‌ಬರ್ಗ್ ಮತ್ತು ಥೆಲಾಂಡರ್ಸನ್ 1976ರಲ್ಲಿ ಇದಕ್ಕೆ ಬಹಳ ಸರಳವಾದ ಒಂದು ಸೂತ್ರ ಕೊಟ್ಟರು. ಅದರಂತೆ ಈ ವಿಕೃತಿ ಹೊರೆಯಿಲ್ಲದ ಕಾಂಕ್ರೀಟಿನ ಉಷ್ಣ ವಿಕೃತಿಗೂ, ಬಲದ ಎಷ್ಟು ಪಾಲಿನಷ್ಟು ಹೊರೆ ಇದೆ ಎಂಬ ಅನುಪಾತಕ್ಕೂ ನೇರ ಪ್ರಮಾಣದಲ್ಲಿರುತ್ತದೆ. ಪ್ರಮಾಣದ ಸ್ಥಿರಾಂಕ 1.8ರಿಂದ 2.35ರವರೆಗೆ. ಸ್ಥಿರಾಂಕ 2.35 ಎಂದಿಟ್ಟುಕೊಂಡರೆ, ತನ್ನ ಬಲದ 30 ಶೇಕಡದಷ್ಟು ಹೊರೆ ಹೊತ್ತ ಕಂಬದಲ್ಲಿ ಉಷ್ಣದ ಹಿಗ್ಗುವಿಕೆಯ 70 ಶೇಕಡದಷ್ಟು ಅಳಿಸಿಹೋಗುತ್ತದೆ. ಹೊರೆ 43 ಶೇಕಡದ ಹತ್ತಿರ ಹೋದರೆ ಕಂಬ ಕಾದರೂ ಹಿಗ್ಗುವುದೇ ಇಲ್ಲ. ಸುಮಾರು 500 ಡಿಗ್ರಿಯಿಂದಾಚೆಗೆ ವಿಕೃತಿ ಈ ಸೂತ್ರವನ್ನು ಮೀರಿ ತೀವ್ರವಾಗಿ ಏರುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಖೌರಿ, ಗ್ರೇಂಜರ್ ಮತ್ತು ಸಲಿವನ್ 1985ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಜಲ್ಲಿ ಬೇರೆ ಬೇರೆಯಾಗಿದ್ದರೂ ಸುಮಾರು 450 ಡಿಗ್ರಿಯವರೆಗೆ ಈ ವಿಕೃತಿಯ ರೇಖೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆಂದು ತೋರಿಸಿದವು. ವಿದ್ಯಮಾನದ ನೆಲೆ ಪೇಸ್ಟಿನಲ್ಲಿದೆಯೇ ಹೊರತು ಜಲ್ಲಿಯಲ್ಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಾಗಿಲ್ಲ.

ಹೊರೆಯೇ ಬಲವನ್ನು ಕಾಪಾಡುವುದೂ ಉಂಟು. ಅಮೆರಿಕದ ಮೆಲ್ವಿನ್ ಏಬ್ರಮ್ಸ್ 1971ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಬಲದ 40 ಶೇಕಡದಷ್ಟು ಒತ್ತಡದಲ್ಲಿಟ್ಟು ಕಾಯಿಸಿದ ಮಾದರಿಗಳು ಹೊರೆಯಿಲ್ಲದೆ ಕಾಯಿಸಿದವುಗಳಿಗಿಂತ ಹೆಚ್ಚು ಬಲ ಉಳಿಸಿಕೊಂಡವು. ಕಾಯಿಸಿ ತಣಿಸಿದ ಮೇಲೆ ಮುರಿದ ಮಾದರಿಗಳು ಎಲ್ಲಕ್ಕಿಂತ ದುರ್ಬಲವಾಗಿದ್ದವು. ಒತ್ತಡವು ಜಲ್ಲಿ ಮತ್ತು ಪೇಸ್ಟಿನ ನಡುವೆ ಬಿರುಕುಗಳು ಬಾಯಿ ತೆರೆಯದಂತೆ ಅದುಮಿ ಹಿಡಿಯುವುದೇ ಮೊದಲಿನದಕ್ಕೆ ಕಾರಣ. ಎರಡನೆಯ ಸಂಗತಿ ಹೆಚ್ಚು ಗಂಭೀರವಾದುದು, ಏಕೆಂದರೆ ಬೆಂಕಿ ಆರಿತೆಂದು ನಿಟ್ಟುಸಿರು ಬಿಡುವ ಹೊತ್ತಿನಲ್ಲಿ ಕಟ್ಟಡ ತನ್ನ ಅತ್ಯಂತ ದುರ್ಬಲ ಸ್ಥಿತಿಯತ್ತ ಸಾಗುತ್ತಿರಬಹುದು. ಕಾದಾಗ ಹೊರೆಯಡಿ ಮಣಿದ ಕಂಬ ತಣಿಯುವಾಗ ಪೂರ್ತಿಯಾಗಿ ಕುಗ್ಗುತ್ತದೆ, ಮಣಿದದ್ದು ಮಾತ್ರ ಮರಳುವುದಿಲ್ಲ. ಹೀಗಾಗಿ ಅದು ಬೆಂಕಿಗೆ ಮೊದಲಿದ್ದುದಕ್ಕಿಂತ ಗಿಡ್ಡವಾಗಿ, ತಾನು ಹೊತ್ತಿದ್ದ ಹೊರೆಯನ್ನು ಅಕ್ಕಪಕ್ಕದ ಕಂಬಗಳ ಮೇಲೆ ಜಾರಿಸುತ್ತದೆ.

ಸಿಪ್ಪೆ ಸಿಡಿಯುವುದು ಇನ್ನೊಂದು ಬಗೆಯ ಅಪಾಯ. ಕಾದ ಮೇಲ್ಪದರದ ಒಳಗೆ ಆವಿಯ ಒತ್ತಡ ಏರಿ, ಅದೇ ಪದರ ಹಿಗ್ಗಲಾರದೆ ತೀವ್ರ ಒತ್ತಡಕ್ಕೂ ಸಿಕ್ಕಿ, ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಸ್ಫೋಟಿಸುತ್ತದೆ. ರಂಧ್ರಗಳು ಕಡಿಮೆಯಿರುವ ಅಧಿಕ ಬಲದ ಕಾಂಕ್ರೀಟಿನಲ್ಲಿ ಈ ಅಪಾಯ ಹೆಚ್ಚು, ಮತ್ತು ಹೊರೆಯ ಒತ್ತಡವಿದ್ದಷ್ಟೂ ಅದು ಬೆಳೆಯುತ್ತದೆ. 1996ರ ನವೆಂಬರಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಅಡಿಯ ರೈಲು ಸುರಂಗದಲ್ಲಿ ಬೆಂಕಿ ಬಿದ್ದಾಗ ಸುರಂಗದ ಕಾಂಕ್ರೀಟ್ ಒಳಹೊದಿಕೆಯ ಬಹುಪಾಲು ದಪ್ಪ ಕೆಲವು ಕಡೆಗಳಲ್ಲಿ ಹೀಗೆ ಸಿಡಿದು ಹೋಯಿತು. ಕಾಂಕ್ರೀಟಿನಲ್ಲಿ ಪ್ರತಿ ಘನ ಮೀಟರಿಗೆ ಸುಮಾರು 2 ಕಿಲೋಗ್ರಾಂ ಪಾಲಿಪ್ರೊಪಿಲೀನ್ ಎಳೆಗಳನ್ನು ಬೆರೆಸುವುದು ಈಗ ಸುರಂಗಗಳಲ್ಲಿ ರೂಢಿಯಾಗಿದೆ. 170 ಡಿಗ್ರಿಯ ಸುಮಾರಿಗೆ ಎಳೆಗಳು ಕರಗಿ ಆವಿ ಹೊರಬರಲು ದಾರಿ ಬಿಟ್ಟುಕೊಡುತ್ತವೆ.

ಒಳಗಿನಿಂದ ಹುಟ್ಟುವ ಕಾವು

ಕಾಂಕ್ರೀಟಿಗೆ ಕಾವು ಹೊರಗಿನಿಂದಲೇ ಬರಬೇಕೆಂದಿಲ್ಲ. ಸಿಮೆಂಟ್ ನೀರಿನೊಡನೆ ಕೂಡುವ ಹೈಡ್ರೇಷನ್ ಕ್ರಿಯೆಯಲ್ಲಿ ಬಿಡುಗಡೆಯಾಗುವ ಶಾಖ, ದಪ್ಪನೆಯ ಕಾಂಕ್ರೀಟಿನ ನಡುಭಾಗದಿಂದ ಹೊರಬರಲು ಸಮಯ ಸಾಲದೆ, ಪ್ರತಿ ಘನ ಮೀಟರಿನಲ್ಲಿರುವ 100 ಕಿಲೋಗ್ರಾಂ ಸಿಮೆಂಟಿಗೆ ಸುಮಾರು 12 ಡಿಗ್ರಿಯಂತೆ ತಾಪಮಾನವನ್ನು ಏರಿಸುತ್ತದೆ. ಏರುವಾಗ ಕಾಂಕ್ರೀಟು ಎಳೆಯದಾಗಿ ಮೆತ್ತಗಿರುವುದರಿಂದ ಒತ್ತಡ ಹೆಚ್ಚು ಹುಟ್ಟುವುದಿಲ್ಲ, ಹುಟ್ಟಿದ್ದೂ ಕ್ರೀಪಿನಲ್ಲಿ ಕರಗಿಹೋಗುತ್ತದೆ. ಇಳಿಯುವಾಗ ಅದು ಗಟ್ಟಿಯಾಗಿರುತ್ತದೆ, ಅದೇ ಡಿಗ್ರಿಗಳು ಈಗ ದೊಡ್ಡ ಎಳೆತವನ್ನು ಹುಟ್ಟಿಸುತ್ತವೆ. ಏರಿಕೆಯೂ ಇಳಿಕೆಯೂ ಸಮವಾಗಿದ್ದರೂ ಪ್ರತಿಬಲ ಸೊನ್ನೆಗೆ ಮರಳದೆ ಎಳೆತದಲ್ಲೇ ಕೊನೆಗೊಳ್ಳುವುದರ ಗುಟ್ಟು ಇದು. ಮ್ಯೂನಿಕ್‌ನ ರೂಪರ್ಟ್ ಸ್ಪ್ರಿಂಗನ್‌ಶ್ಮಿಡ್ 1960ರ ದಶಕದ ಕೊನೆಯಲ್ಲಿ ರೂಪಿಸಿದ ಬಿರುಕು ಚೌಕಟ್ಟು ಎಂಬ ಉಪಕರಣ, ಎರಡೂ ತುದಿ ಬಿಗಿದ ಹಸಿ ಕಾಂಕ್ರೀಟಿನಲ್ಲಿ ಈ ಇಡೀ ಕಥೆಯನ್ನು ಗಂಟೆಗಂಟೆಗೂ ಅಳೆಯಲು ಅನುವು ಮಾಡಿಕೊಟ್ಟಿತು.

ಅಮೆರಿಕದ ಹೂವರ್ ಅಣೆಕಟ್ಟು ಈ ಸಮಸ್ಯೆಯನ್ನು ಎದುರಿಸಿದ ರೀತಿ ಇಂದಿಗೂ ಮಾದರಿಯಾಗಿದೆ. 1933ರಿಂದ 1935ರವರೆಗೆ ಕಾಂಕ್ರೀಟ್ ಸುರಿದ ಈ ಅಣೆಕಟ್ಟನ್ನು ಒಂದೇ ಮುದ್ದೆಯಾಗಿ ಕಟ್ಟಿದ್ದರೆ ಅದು ತಾನಾಗಿ ತಣಿಯಲು 125 ವರ್ಷ ಬೇಕಾಗುತ್ತಿತ್ತೆಂದು ಅಂದಾಜು ಮಾಡಲಾಗಿತ್ತು. ಆದ್ದರಿಂದ ಅದನ್ನು ಬಿಡಿ ಕಂಬಗಳಂಥ ಖಂಡಗಳಾಗಿ, ಒಂದು ಸಲಕ್ಕೆ ಸುಮಾರು ಒಂದೂವರೆ ಮೀಟರ್ ಎತ್ತರ ಮೀರದಂತೆ ಸುರಿದು, ಒಳಗೆ 930 ಕಿಲೋಮೀಟರಿಗೂ ಹೆಚ್ಚು ಉದ್ದದ ಒಂದು ಇಂಚಿನ ಕೊಳವೆಗಳನ್ನು ಹಾಸಿ, ಮೊದಲು ನದಿಯ ನೀರನ್ನೂ ಅನಂತರ ಶೈತ್ಯೀಕರಿಸಿದ ನೀರನ್ನೂ ಹರಿಸಿ ತಣಿಸಲಾಯಿತು; ಖಂಡಗಳು ಕುಗ್ಗಿ ಮುಗಿದ ಮೇಲೆ ನಡುವಣ ಸಂದುಗಳಿಗೆ ಸಿಮೆಂಟ್ ಸರಿಯನ್ನು ಒತ್ತಿ ತುಂಬಲಾಯಿತು. ಹೆಚ್ಚುಕಡಿಮೆ ಅದೇ ಕಾಲದ ಕೃಷ್ಣರಾಜಸಾಗರ ಅಣೆಕಟ್ಟನ್ನು ಸುಣ್ಣ ಮತ್ತು ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆಯಲ್ಲಿ ಕಲ್ಲು ಕಟ್ಟಿ ಎಬ್ಬಿಸಿದ್ದರಿಂದ ಅಲ್ಲಿ ಈ ತೊಡಕು ಈ ರೂಪದಲ್ಲಿ ಎದುರಾಗಲಿಲ್ಲ. ಈಗ ಕಡಿಮೆ ಶಾಖದ ಸಿಮೆಂಟೂ ದೊರೆಯುತ್ತದೆ. ಐಎಸ್ 12600 ಮಾನಕ ಅದರ ಶಾಖಕ್ಕೆ 7 ದಿನಕ್ಕೆ ಗ್ರಾಮಿಗೆ 65 ಕ್ಯಾಲೊರಿ, 28 ದಿನಕ್ಕೆ 75 ಕ್ಯಾಲೊರಿ ಎಂಬ ಮಿತಿ ಇಟ್ಟಿದೆ. ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನೋ ಉಕ್ಕಿನ ಕಾರ್ಖಾನೆಗಳ ಕಿಟ್ಟದ ಪುಡಿಯನ್ನೋ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಬಳಸುವುದು ಇನ್ನೂ ಸುಲಭದ ದಾರಿ. ನಡುಭಾಗದ ತಾಪಮಾನ 70 ಡಿಗ್ರಿ ದಾಟದಂತೆಯೂ ನೋಡಿಕೊಳ್ಳಬೇಕು. ದಾಟಿದರೆ, ಆರಂಭದಲ್ಲೇ ಆಗಬೇಕಿದ್ದ ಎಟ್ರಿಂಜೈಟ್ ಎಂಬ ಹರಳು ವರ್ಷಗಳ ಬಳಿಕ ಗಟ್ಟಿ ಕಾಂಕ್ರೀಟಿನೊಳಗೆ ಬೆಳೆದು ಅದನ್ನು ಸೀಳುವ ಸಂಭವವಿದೆ.

ಸೇತುವೆ, ಚಿಮಣಿ, ಚಳಿ

ಸೇತುವೆಯ ಮೇಲ್ಭಾಗ ಬಿಸಿಲಿಗೆ ಕಾದು ಕೆಳಭಾಗ ನೆರಳಿನಲ್ಲಿ ತಣ್ಣಗಿದ್ದಾಗ ತೊಲೆ ಮೇಲಕ್ಕೆ ಡೊಂಕಾಗಲು ಯತ್ನಿಸುತ್ತದೆ. ಹಲವು ಕಂಬಗಳ ಮೇಲೆ ಅವಿಚ್ಛಿನ್ನವಾಗಿ ಸಾಗುವ ಸೇತುವೆಗೆ ಆ ಸ್ವಾತಂತ್ರ್ಯವಿಲ್ಲದೆ, ವಾಹನಗಳ ಭಾರದಿಂದ ಬರುವುದಕ್ಕೆ ಸರಿದೂಗುವಷ್ಟು ಪ್ರತಿಬಲ ಬಿಸಿಲೊಂದರಿಂದಲೇ ಹುಟ್ಟಬಲ್ಲದು. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 1966ರಲ್ಲಿ ಸಂಚಾರಕ್ಕೆ ತೆರೆದ ನ್ಯೂಮಾರ್ಕೆಟ್ ಮೇಲ್ಸೇತುವೆಯಲ್ಲಿ ಈ ಕಾರಣದಿಂದ ಬಿರುಕುಗಳು ಕಂಡ ಮೇಲೆ ಅಲ್ಲಿ ನಡೆದ ಸಂಶೋಧನೆ, ಅದರಲ್ಲೂ ನೈಜೆಲ್ ಪ್ರೀಸ್ಟ್‌ಲಿ ಅವರ ಕೆಲಸ, ಸೇತುವೆಯ ಆಳಕ್ಕೆ ತಾಪಮಾನ ಹೇಗೆ ಇಳಿಯುತ್ತದೆಂಬ ವಿನ್ಯಾಸ ರೇಖೆಗಳಿಗೆ ಆಧಾರವಾಯಿತು. ಭಾರತದ ಐಆರ್‌ಸಿ 6 ಮಾನಕವೂ ಕಾಂಕ್ರೀಟ್ ಸೇತುವೆಗಳ ಮೇಲ್ಮೈಗೆ 17.8 ಡಿಗ್ರಿಯ ಹೆಚ್ಚಳವನ್ನು ಗಣಿಸಬೇಕೆಂದು ಹೇಳುತ್ತದೆ. ಉಷ್ಣವಿದ್ಯುತ್ ಸ್ಥಾವರಗಳ ಎತ್ತರದ ಕಾಂಕ್ರೀಟ್ ಚಿಮಣಿಗಳಲ್ಲಿ ಸ್ಥಿತಿ ತಲೆಕೆಳಗು: ಒಳಮೈ ಬಿಸಿ, ಹೊರಮೈ ತಂಪು, ಆದ್ದರಿಂದ ಹೊರಮೈಯಲ್ಲಿ ಎಳೆತ. ಗಾಳಿಯ ಹೊರೆಯ ಎಳೆತ ಅದಕ್ಕೆ ಸೇರುತ್ತದೆ.

ಹೆಪ್ಪುಗಟ್ಟುವ ಚಳಿಯ ನಾಡುಗಳಲ್ಲಿ ರಂಧ್ರಗಳ ನೀರು ಮಂಜುಗಡ್ಡೆಯಾಗುವಾಗ ಗಾತ್ರ 9 ಶೇಕಡ ಹಿಗ್ಗುವುದು ಪ್ರತ್ಯೇಕ ಸಮಸ್ಯೆ. ಅದಕ್ಕೆ ಕಾಂಕ್ರೀಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು, ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಅಂತರದಲ್ಲಿ, ಉದ್ದೇಶಪೂರ್ವಕವಾಗಿ ಸೇರಿಸುತ್ತಾರೆ. ಪೂರ್ತಿ ನೆನೆಯದ ಕಾಂಕ್ರೀಟಿನ ಬಲ ಶೀತದಲ್ಲಿ ಹೆಚ್ಚುತ್ತದೆಯಾದ್ದರಿಂದ ಮೈನಸ್ 162 ಡಿಗ್ರಿಯ ದ್ರವ ನೈಸರ್ಗಿಕ ಅನಿಲದ ತೊಟ್ಟಿಗಳಿಗೂ ಅದು ಬಳಕೆಯಾಗುತ್ತದೆ.

ಲೆಕ್ಕಾಚಾರದ ತೊಡಕುಗಳು

ಪ್ರಯೋಗಾಲಯಗಳ ಅಂಕಿಗಳನ್ನು ಒಂದರೊಡನೊಂದು ಹೋಲಿಸುವಾಗ ಎಚ್ಚರ ಬೇಕು. ಮಾದರಿಯನ್ನು ತೇವ ಹೋಗದಂತೆ ಮುಚ್ಚಲಾಗಿತ್ತೆ, ಕಾಯಿಸಿದ ವೇಗವೆಷ್ಟು, ಮಾದರಿಯ ಗಾತ್ರವೆಷ್ಟು, ಅದನ್ನು ಹಿಂದೆ ಎಂದಾದರೂ ಕಾಯಿಸಲಾಗಿತ್ತೆ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ವಿನ್ಯಾಸ ಮಾನಕಗಳು ಈ ಜಟಿಲತೆಯನ್ನು ಸರಳಗೊಳಿಸಲೇಬೇಕು. ಯೂರೋಕೋಡ್ 2, ಗರಿಷ್ಠ ಪ್ರತಿಬಲದ ಹೊತ್ತಿನ ವಿಕೃತಿ 20 ಡಿಗ್ರಿಯಲ್ಲಿ 0.0025 ಇದ್ದದ್ದು 600 ಡಿಗ್ರಿಯಲ್ಲಿ 0.025 ಆಗುತ್ತದೆಂದು ಇಟ್ಟುಕೊಂಡು, ಹೊರೆಪ್ರೇರಿತ ವಿಕೃತಿಯನ್ನು ಆ ಹತ್ತು ಪಟ್ಟು ಹೆಚ್ಚಳದೊಳಗೇ ಅಡಗಿಸುತ್ತದೆ. ಬೆಂಕಿ ಏರುತ್ತಿರುವ ತನಕ ಇದು ಸಾಕಷ್ಟು ಚೆನ್ನಾಗಿ ನಡೆಯುತ್ತದೆ. ಆದರೆ ಹೀಗೆ ಅಡಗಿಸಿದ ವಿಕೃತಿ ಹೊರೆ ಇಳಿದಾಗ ಅಥವಾ ಕಾಂಕ್ರೀಟು ತಣಿದಾಗ ಲೆಕ್ಕದಲ್ಲಿ ಮರಳಿಬಿಡುತ್ತದೆ, ವಾಸ್ತವದಲ್ಲಿ ಮರಳುವುದಿಲ್ಲ. ಬೆಲ್ಜಿಯಮ್ಮಿನ ಲಿಯೇಜ್ ವಿಶ್ವವಿದ್ಯಾಲಯದ ಥಾಮಸ್ ಗೆರ್ನೆ ಮತ್ತು ಜ್ಯಾನ್-ಮಾರ್ಕ್ ಫ್ರಾನ್ಸನ್ 2012ರಲ್ಲಿ ಇದೇ ಮಾನಕದ ರೇಖೆಯಿಂದ ಆ ವಿಕೃತಿಯನ್ನು ಬಿಡಿಸಿ, ತಾಪಮಾನ ಮೊದಲ ಬಾರಿಗೆ ಏರುವಾಗ ಮಾತ್ರ ಬೆಳೆಯುವ, ಇಳಿಯುವಾಗ ಹಾಗೆಯೇ ಉಳಿಯುವ ಪ್ರತ್ಯೇಕ ಪದವಾಗಿ ಬರೆದರು. ಬೆಂಕಿ ಆರಿದ ಬಳಿಕ ಕಟ್ಟಡದ ನಡವಳಿಕೆಯನ್ನು ಗಣಕದಲ್ಲಿ ಅನುಸರಿಸುವವರಿಗೆ ಈ ಭೇದ ಅನಿವಾರ್ಯವಾದುದು.